ನಿಮ್ಮೋರ ಹಳೇ ಬಟ್ಟೆ

ಸಿನಿಮಾ ವಸ್ತ್ರವಿನ್ಯಾಸದ ಪ್ರಶಸ್ತಿಗೆ ಆ ವರ್ಷ ಐದು ಹೆಸರು ನಾಮನಿರ್ದೇಶನಗೊಂಡವು. ಐವರೂ ಗಂಡಸರು, ಐವರೂ ಬಿಳಿಯರು, ಐವರದೂ ರಾಜರಾಣಿಯರ ಚಿತ್ರ. ಸಿನಿಮಾಗಳಿಗೆ ಬಟ್ಟೆ ಹೊಲಿಯುವ ಆ ಊರಿನ ಹೊಲಿಗೆಮನೆಗಳಲ್ಲಿ ಸೂಜಿ ಹಿಡಿದವರಲ್ಲಿ ಮುಕ್ಕಾಲು ಪಾಲು ಹೆಂಗಸರು, ಅವರಲ್ಲೂ ಅರ್ಧಕ್ಕರ್ಧ ಕಪ್ಪು ಮೈಯವರು. ಹೊಲಿಯುವವರು ಒಬ್ಬರು, ಚಪ್ಪಾಳೆ ಗಿಟ್ಟಿಸುವವರು ಇನ್ನೊಬ್ಬರು. ಹೊಟ್ಟೆ ಉರಿಯದೆ ಇರುತ್ತದೆಯೇ?

ಅವರಲ್ಲೊಬ್ಬಳಾದ ಕತ್ತರಿಯಕ್ಕನಿಗೆ ಉರಿಯಿತು. ಇಪ್ಪತ್ತೆರಡು ವರ್ಷ ಯಾರ್ಯಾರದೋ ಕೈಕೆಳಗೆ ದುಡಿದು, ಮೊದಲ ಸಲ ತನ್ನದೇ ಹೆಸರಿನಲ್ಲಿ ಒಂದು ಚಿತ್ರಕ್ಕೆ ಬಟ್ಟೆ ಮಾಡಿದ್ದಳು. ಇಟ್ಟಿಗೆ ಗೂಡಿನ ಕೂಲಿಗಳ, ಅವಳದೇ ಬಣ್ಣದ ಜನರ ಕಥೆ. ಪಟ್ಟಿಯಲ್ಲಿ ಹೆಸರು ಬಂದಿದ್ದರೆ ಮುಂದಿನ ಚಿತ್ರವೂ ಅವಳದಾಗುತ್ತಿತ್ತು. ಈಗ ಮತ್ತೆ ಯಾರದೋ ಕೈಕೆಳಗೆ. ಆ ಚಿತ್ರಕ್ಕಾಗಿ ಹೊಚ್ಚ ಹೊಸ ಬಟ್ಟೆಯನ್ನು ಚಹಾದಲ್ಲಿ ಕುದಿಸಿ, ಮರಳು ಕಾಗದದಿಂದ ಮೊಣಕೈ ಸವೆಸಿ, ಕೊರಳಪಟ್ಟಿಗೆ ಎಣ್ಣೆ ತಿಕ್ಕಿ ಬೆವರಿನ ಕಲೆ ಬರಿಸಿದ್ದಳು. ಚಿತ್ರ ನೋಡಿದ ಅಮ್ಮ, ಗೂಡಿನಲ್ಲೇ ದುಡಿದು ಸತ್ತ ಗಂಡನನ್ನು ನೆನೆದು, "ನಿಮ್ಮಪ್ಪನ ಅಂಗಿ ನಿಂಗೆಲ್ಲಿ ಸಿಕ್ತೇ?" ಎಂದು ಅತ್ತಿದ್ದಳು. ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲವೆನ್ನಿ. ಆದರೆ ಅಮ್ಮನ ಕಣ್ಣೀರು ನೋಡಿ ಯಾವ ನಿರ್ಮಾಪಕ ಕೆಲಸ ಕೊಡುತ್ತಾನೆ?

ತೀರ್ಪುಗಾರರು ಏನು ಮಾತಾಡಿಕೊಂಡರೆಂಬುದು ಅವಳ ಕಿವಿಗೂ ಬಿದ್ದಿತ್ತು. ಚೀಲ ಹೆಗಲಿಗೇರಿಸಿ ನೇರ ಪ್ರಶಸ್ತಿ ಕಚೇರಿಗೆ ಹೋಗಿ ಕಾರ್ಯದರ್ಶಿಯ ಎದುರು ಕೂತಳು.

"ನೋಡಮ್ಮ, ಚಿತ್ರ ಎಲ್ರಿಗೂ ಇಷ್ಟ ಆಯ್ತು," ಎಂದ ಆತ. "ಆದ್ರೆ ನಿಮ್ಮೋರ ಮನೆಗಳಿಂದ ಹಳೇ ಬಟ್ಟೆ ತಂದು ಹಾಕ್ಸಿದ್ದೀರಿ. ಅದ್ರಲ್ಲಿ ವಿನ್ಯಾಸ ಏನ್ ಬಂತು?"

ಅವಳು ಚೀಲದಿಂದ ಅಂಗಿಯೊಂದನ್ನು ತೆಗೆದು ಮೇಜಿನ ಮೇಲೆ ಹರಡಿದಳು. ದೃಶ್ಯ ರದ್ದಾಗಿ ಕೆಲಸ ಅರ್ಧಕ್ಕೇ ನಿಂತಿದ್ದ ಅಂಗಿ. ಎಡತೋಳು ಹತ್ತು ವರ್ಷ ಮೈಮೇಲಿದ್ದ ಹಾಗೆ, ಬಲತೋಳು ಅಂಗಡಿಯ ಗಂಜಿ ಇನ್ನೂ ಬಿಡದ ಹಾಗೆ.

"ಇದ್ರಲ್ಲಿ ಯಾವ ತೋಳು ಸಾರ್ ನಮ್ಮೋರ ಮನೇದು?"

ಆತ ಎರಡನ್ನೂ ಮುಟ್ಟಿದ, ತಿರುವಿದ, ಮೂಸಿಯೂ ನೋಡಿದ. ಮುಖ ಇಂಗು ತಿಂದ ಮಂಗನಂತಾಯಿತು. ಆದರೂ ತಪ್ಪಾಯಿತು ಎಂಬ ಮಾತು ಆ ಬಾಯಿಂದ ಬರಬೇಕಲ್ಲ!

"ಪಟ್ಟಿ ಅಚ್ಚಾಗಿಬಿಟ್ಟಿದೆ, ಮುಂದಿನ ವರ್ಷ ನೋಡೋಣ. ಅಂದ ಹಾಗೆ, ಕೈ ಇಷ್ಟು ಚೆನ್ನಾಗಿದೆಯಲ್ಲ, ಸಮಾರಂಭಕ್ಕೆ ಆ ಐದು ಜನರ ಕೋಟು ನೀವೇ ಹೊಲಿದುಕೊಡ್ತೀರಾ? ಅಳತೆಗೆ ಎಲ್ರನ್ನೂ ಕಳಿಸ್ತೀನಿ."

ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ಕತ್ತರಿಯಕ್ಕ ಅಂಗಿ ಮಡಚಿ ಎದ್ದು ನಿಂತಳು.

"ಹೊಲಿಯೋಕೆ ಬೇರೆಯವ್ರನ್ನ ಹುಡುಕ್ಕೊಳ್ಳಿ ಸಾರ್. ಐದು ಜನರ ಅಳತೆ ತಗೋಬೇಡಿ ಅಂತ ಆ ಹೊಲಿಯೋರಿಗೂ ಹೇಳಿ. ನಿಮ್ಮ ಪಟ್ಟಿ ನೋಡಿದ್ರೆ ಗೊತ್ತಾಗುತ್ತೆ, ಒಬ್ಬರದ್ದು ತಗೊಂಡ್ರೆ ಸಾಕು."