ಮೂರನೇ ತರಗತಿಯ ಹದಿನಾಲ್ಕು ಮಕ್ಕಳು

ಶ್ರೀಲತಾ ಚಿಂತಲಗುಂಟೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಮುಖ್ಯ ಶಿಕ್ಷಕಿಯಾಗಿ ಬಂದದ್ದು ಜೂನ್ ಮೊದಲ ವಾರದಲ್ಲಿ. ಅದಕ್ಕೂ ಮೊದಲು ಒಂಬತ್ತು ವರ್ಷ ಶಿರಾ ತಾಲ್ಲೂಕಿನ ಗೌಡಗೆರೆ ಕಡೆ ಪಾಠ ಮಾಡಿದ್ದಳು. ಚಿಂತಲಗುಂಟೆ ಪಾವಗಡ ತಾಲ್ಲೂಕಿನ ಊರು, ರಾಯಚರ್ಲಿನಿಂದ ಐದಾರು ಕಿಲೋಮೀಟರ್. ಊರಿನ ಮೂರು ಕಡೆಯೂ ಸೋಲಾರ್ ಪ್ಯಾನೆಲ್ಲುಗಳು. ಶಾಲೆಯ ಕಿಟಕಿಯಿಂದ ನೋಡಿದರೆ ಮಧ್ಯಾಹ್ನದ ಹೊತ್ತು ಕಣ್ಣು ಕುಕ್ಕುತ್ತಿತ್ತು. ಮಕ್ಕಳು ಮನೆಯಲ್ಲಿ ತೆಲುಗು ಮಾತಾಡುತ್ತಿದ್ದರು, ಅಂಗಡಿ ಬಸ್ಸುಗಳಲ್ಲಿ ಕನ್ನಡ. ಎರಡು ವರ್ಷದ ಹಿಂದೆ ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾಗಿತ್ತು. ಆಗ ಒಂದನೇ ತರಗತಿಗೆ ಸೇರಿದ್ದ ಮಕ್ಕಳು ಈಗ ಮೂರನೆಯಲ್ಲಿದ್ದರು. ಹದಿನಾಲ್ಕು ಜನ.

ಶಾಲೆಯಲ್ಲಿ ಒಟ್ಟು ನಲವತ್ತಮೂರು ಮಕ್ಕಳು. ಪಾಠಕ್ಕೆ ಶ್ರೀಲತಾ ಮತ್ತು ಅತಿಥಿ ಶಿಕ್ಷಕಿ ಮಂಜುಶ್ರೀ, ಇಬ್ಬರೇ. ಹಿಂದಿನ ಮುಖ್ಯ ಶಿಕ್ಷಕರು ನಂದೀಶ್ವರಯ್ಯನವರು, ಅಲ್ಲೇ ಹದಿನೆಂಟು ವರ್ಷ ಇದ್ದು ಮೇ ತಿಂಗಳಲ್ಲಿ ನಿವೃತ್ತರಾಗಿದ್ದರು. ಅವರು ಬಿಟ್ಟುಹೋದ ಕಡತಗಳು ಅಚ್ಚುಕಟ್ಟಾಗಿದ್ದವು. ಹಾಜರಾತಿ, ಬಿಸಿಯೂಟದ ಲೆಕ್ಕ, ಕಲಿಕಾ ಮಟ್ಟದ ಪಟ್ಟಿ, ಎಲ್ಲವೂ ಒಂದೇ ದುಂಡಗಿನ ಅಕ್ಷರದಲ್ಲಿ. ಹೋದ ವರ್ಷದ ಪಟ್ಟಿಯಲ್ಲಿ ಈ ಹದಿನಾಲ್ಕು ಮಕ್ಕಳಲ್ಲಿ ಹನ್ನೆರಡು ಜನರ ಮುಂದೆ ಇಂಗ್ಲಿಷ್ ಓದಿಗೆ 'ಎ', ಅಂದರೆ ಸರಾಗವಾಗಿ ಓದಬಲ್ಲರು, ಎಂದಿತ್ತು.

ಜುಲೈನಲ್ಲಿ ಈ ವರ್ಷದ ಪಟ್ಟಿ ಕಳಿಸಬೇಕೆಂದು ಸುತ್ತೋಲೆ ಬಂತು. ಶ್ರೀಲತಾ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಮೇಜಿನ ಪಕ್ಕ ನಿಲ್ಲಿಸಿಕೊಂಡಳು. ಮೊದಲು ಬಂದವಳು ಲೋಹಿತಾ. ಎರಡು ಜಡೆ ಹಾಕಿಕೊಂಡ, ಗಟ್ಟಿ ದನಿಯ ಹುಡುಗಿ. ಪುಸ್ತಕ ತೆರೆದು ಮನೆಯ ಬಗ್ಗೆ ಇದ್ದ ಇಂಗ್ಲಿಷ್ ಪಾಠವನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸಿದಳು. ಒಂದು ತಪ್ಪೂ ಇರಲಿಲ್ಲ. ಆದರೆ ಬಾಯಿ ಐದನೇ ಸಾಲಿಗೆ ಹೋಗಿದ್ದಾಗ ಬೆರಳು ಇನ್ನೂ ಎರಡನೇ ಸಾಲಿನಲ್ಲಿತ್ತು.

ಶ್ರೀಲತಾ ಆ ಪಾಠದ್ದೇ ನಾಲ್ಕು ಪದಗಳನ್ನು ಹಿಂದುಮುಂದು ಮಾಡಿ ಸ್ಲೇಟಿನ ಮೇಲೆ ಬರೆದಳು.

"ಇದನ್ನ ಓದು ಪುಟ್ಟ."

ಲೋಹಿತಾ ಸ್ಲೇಟನ್ನು ನೋಡಿದಳು, ಟೀಚರ್ ಮುಖ ನೋಡಿದಳು, ಆಮೇಲೆ ಮೆಲ್ಲಗೆ ಹೇಳಿದಳು: "ಇದು ಪಾಠದಾಗೆ ಇಲ್ಲ ಮಿಸ್."

ಎರಡು ದಿನದಲ್ಲಿ ಹದಿನಾಲ್ಕು ಜನರದ್ದೂ ಮುಗಿಯಿತು. ಗೊತ್ತಿಲ್ಲದ ನಾಲ್ಕು ಸಾಲನ್ನು ಓದಬಲ್ಲವರು ಮೂವರು. ಬಿಡಿ ಪದಗಳನ್ನು ಓದುವವರು ಐವರು. ಉಳಿದ ಆರು ಮಕ್ಕಳಿಗೆ ಅಕ್ಷರ ಮಾತ್ರ ಗೊತ್ತು. ಎಲ್ಲರಿಗೂ ಪಾಠಗಳೆಲ್ಲ ಬಾಯಿಪಾಠ.

ಶನಿವಾರ ಶಾಲೆ ಬಿಟ್ಟ ಮೇಲೆ ಅವಳು ಬಸ್ಸು ಹತ್ತಿ ಪಾವಗಡದಲ್ಲಿದ್ದ ನಂದೀಶ್ವರಯ್ಯನವರ ಮನೆಗೆ ಹೋದಳು. ಅವರು ಹಣೆಗೆ ವಿಭೂತಿ ಹಚ್ಚಿಕೊಂಡು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ಕಾಫಿ ಕೊಟ್ಟರು, ಊರಿನವರನ್ನೆಲ್ಲ ಹೆಸರು ಹಿಡಿದು ವಿಚಾರಿಸಿದರು. ಕೊನೆಗೆ ಶ್ರೀಲತಾ ಪಟ್ಟಿಯ ಮಾತು ತೆಗೆದಳು.

"ಸಾರ್, ಮಕ್ಕಳು ಓದ್ತಾ ಇಲ್ಲ. ಒಪ್ಪಿಸ್ತಾ ಇದಾವೆ."

ನಂದೀಶ್ವರಯ್ಯನವರು ಪೇಪರನ್ನು ಮಡಿಸಿ ಮೊಣಕಾಲ ಮೇಲೆ ಇಟ್ಟುಕೊಂಡರು. "ನೀವು ಈಗ ಏನು ಬರೀತೀರಮ್ಮ?"

"ಇರೋದನ್ನೇ ಬರೀತೀನಿ ಸಾರ್. ಇಲ್ಲದಿದ್ರೆ ಎಲ್ಲಿಂದ ಶುರು ಮಾಡ್ಬೇಕು ಅನ್ನೋದೇ ಗೊತ್ತಾಗಲ್ಲ."

"ಕಮ್ಮಿ ಬರೆದ್ರೆ ಊರಿನೋರು ಪ್ರೈವೇಟ್ ಸ್ಕೂಲಿನ ವ್ಯಾನಿಗೆ ಹತ್ತಿಸ್ತಾರೆ. ಮಕ್ಕಳು ಕಮ್ಮಿ ಆದ್ರೆ ಶಾಲೆ ಉಳಿಯೋದು ಕಷ್ಟ." ಅವಳು ಹೊರಟಾಗ ಗೇಟಿನ ತನಕ ಬಂದರು. ಬಸ್ಸಿನ ಹೊತ್ತು ಹೇಳಿ ಒಳಗೆ ಹೋದರು.

ಸೋಮವಾರ ಶ್ರೀಲತಾ ಪಟ್ಟಿ ಕಳಿಸಿದಳು. ಮೂರು, ಐದು, ಆರು.

ಎರಡು ದಿನ ಬಿಟ್ಟು ಕ್ಲಸ್ಟರ್ ಅಧಿಕಾರಿ ನವೀನ್ ಕುಮಾರ್ ಬೈಕಿನಲ್ಲಿ ಬಂದ. ಸುತ್ತಲಿನ ಹನ್ನೊಂದು ಶಾಲೆಗಳ ಅಂಕಿಗಳನ್ನು ಸೇರಿಸಿ ಮೇಲಕ್ಕೆ ಕಳಿಸುವುದು ಅವನ ಕೆಲಸ. ಅವಳಿಗಿಂತ ಚಿಕ್ಕವನು, ಒಳ್ಳೆಯವನು, ಯಾವಾಗಲೂ ಅವಸರದಲ್ಲಿರುತ್ತಿದ್ದ.

"ಮೇಡಂ, ಟೈಪ್ ಮಾಡುವಾಗ ಏನೋ ತಪ್ಪಾಗಿದೆ ಅನ್ಸುತ್ತೆ. ಹನ್ನೆರಡು ಇದ್ದದ್ದು ಮೂರು ಆಗಿದೆ."

"ತಪ್ಪಾಗಿಲ್ಲ ಸರ್. ನೀವೇ ಓದಿಸಿ ನೋಡಿ."

ನವೀನ್ ಕುಮಾರ್ ನಾಲ್ಕು ಮಕ್ಕಳನ್ನು ಓದಿಸಿದ. ಐದನೆಯವರನ್ನು ಕರೆಯಲಿಲ್ಲ. ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಪಟ್ಟಿಯನ್ನು ಇನ್ನೊಮ್ಮೆ ನೋಡಿದ.

"ನೀವು ಬಂದ ವರ್ಷವೇ ಬಿದ್ದಿದೆ ಅಂತ ಕಾಣುತ್ತೆ ಮೇಡಂ. ನಿಮ್ಮನ್ನೇ ಕೇಳ್ತಾರೆ."

"ಕೇಳ್ಲಿ ಸರ್. ಮಾರ್ಚಿನಲ್ಲಿ ಇನ್ನೊಂದು ಸಲ ನೀವೇ ಬಂದು ಓದಿಸಿ. ಆವಾಗ ಎಷ್ಟಿರುತ್ತೋ ಅಷ್ಟು ಬರೀರಿ."

ಅವನು ಆ ಅಂಕಿಗಳನ್ನೇ ಮೇಲಕ್ಕೆ ಕಳಿಸಿದ. ವಾರದಲ್ಲಿ ವಿವರಣೆ ಕೇಳಿ ಒಂದು ಪತ್ರ ಬಂತು. ಶ್ರೀಲತಾ ಒಂದೂವರೆ ಪುಟದ ಉತ್ತರ ಬರೆದಳು. ಹಿಂದಿನವರ ಹೆಸರನ್ನು ಅದರಲ್ಲಿ ಎಲ್ಲೂ ಬರೆಯಲಿಲ್ಲ.

ಆಗಸ್ಟ್ ಎರಡನೇ ಶನಿವಾರ ಪೋಷಕರ ಸಭೆ. ಪ್ರತಿ ಮಗುವಿನ ಮಟ್ಟವನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಅವರವರ ಮನೆಯವರಿಗೆ ಬೇರೆ ಬೇರೆಯಾಗಿ ವಿವರಿಸಿದಳು. ಲೋಹಿತಾಳ ಕಡೆಯಿಂದ ಬಂದದ್ದು ಅಜ್ಜಿ ಚಿಕ್ಕಹನುಮಕ್ಕ. ಮಗಳು ಅಳಿಯ ಇಬ್ಬರೂ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ಕೆಲಸಕ್ಕೆ ಹೋಗುತ್ತಿದ್ದುದರಿಂದ ಶಾಲೆಯ ವ್ಯವಹಾರವೆಲ್ಲ ಅಜ್ಜಿಯದೇ. ಚೀಟಿಯಲ್ಲಿದ್ದದ್ದನ್ನು ಶ್ರೀಲತಾ ಓದಿ ಹೇಳಿದಾಗ ಅಜ್ಜಿ ಸಿಟ್ಟಾದಳು.

"ಏನಮ್ಮಾ ಟೀಚರಮ್ಮ, ಇದೇನ್ ಇಂಗಂತೀಯ? ಹೋದ್ ವರ್ಸ ಎ ಕೊಟ್ಟಿದ್ರು ನಮ್ ಮಗೀಗೆ. ಮನೇಲಿ ಗಡಗಡ ಅಂತ ಓದ್ತೈತೆ. ನೀನ್ ಬಂದ್ ಎರಡ್ ತಿಂಗ್ಳಿಗೇ ಮರ್ತೋಯ್ತಾ?"

"ಮರ್ತಿಲ್ಲ ಅಜ್ಜಿ. ಅವಳು ಕೇಳಿಸ್ಕೊಂಡು ಹೇಳ್ತಾಳೆ, ಅಕ್ಷರ ನೋಡಿ ಹೇಳಲ್ಲ. ಅದನ್ನ ಕಲಿಸ್ತೀನಿ."

"ನಂದೀಶ್ವರಯ್ಯ ಮೇಷ್ಟ್ರು ಇದ್ದಾಗ ಸರಿಯಾಗೇ ಇತ್ತಲ್ಲ!"

ಹಿಂದೆ ಕುಳಿತಿದ್ದ ಯುವರಾಜ್ ಎಂಬ ತರುಣನೂ ಎದ್ದು ಅದನ್ನೇ ಹೇಳಿದ. ಅವನ ಇಬ್ಬರು ಮಕ್ಕಳು ಆ ಶಾಲೆಯಲ್ಲಿದ್ದರು. ದೊಡ್ಡವನು ಮೂರನೇ ತರಗತಿ. "ಮೇಷ್ಟ್ರು ಬದ್ಲಾದ್ರು, ಮಕ್ಕಳು ಹಿಂದಕ್ಕೆ ಬಿದ್ವು. ಇನ್ನೇನೈತೆ ಮಾತಾಡಾಕೆ?"

ಹೋದ ವರ್ಷದ ಪಟ್ಟಿಯೇ ಸರಿಯಿರಲಿಲ್ಲ ಎಂಬ ಮಾತು ಶ್ರೀಲತಾಳ ನಾಲಗೆಯ ತುದಿಗೆ ಬಂತು. ಹದಿನೆಂಟು ವರ್ಷ ಊರಿನ ಮಕ್ಕಳಿಗೆ ಅಕ್ಷರ ತಿದ್ದಿಸಿದ ಮನುಷ್ಯನ ಮೇಲೆ ಅದನ್ನು ಹಾಕಲು ಅವಳಿಗೆ ಮನಸ್ಸಾಗಲಿಲ್ಲ. "ನನಗೆ ಮಾರ್ಚಿನ ತನಕ ಸಮಯ ಕೊಡಿ," ಎಂದಷ್ಟೇ ಹೇಳಿದಳು.

ಆ ತಿಂಗಳಲ್ಲಿ ಐದು ಮಕ್ಕಳು ವರ್ಗಾವಣೆ ಪತ್ರ ತೆಗೆದುಕೊಂಡು ಪ್ರೈವೇಟ್ ಸ್ಕೂಲಿನ ಹಳದಿ ವ್ಯಾನು ಹತ್ತಿದರು. ಅವರಲ್ಲಿ ಇಬ್ಬರು ಮೂರನೇ ತರಗತಿಯವರು, ಒಬ್ಬ ಯುವರಾಜನ ಮಗ. ಪ್ರತಿ ಪತ್ರಕ್ಕೂ ಶ್ರೀಲತಾ ತಾನೇ ಸಹಿ ಹಾಕಿ ಕೊಟ್ಟಳು. ಶಾಲೆಯ ಒಟ್ಟು ಸಂಖ್ಯೆ ಮೂವತ್ತೆಂಟಾಯಿತು. ಆ ವಾರ ಮಂಜುಶ್ರೀ ಊಟದ ಡಬ್ಬಿ ಬಿಚ್ಚುತ್ತಾ ಕೇಳಿದಳು: "ಅಕ್ಕಾ, ಒಂದು ಎಂಟು ಜನ ಓದ್ತಾರೆ ಅಂತ ಬರೆದಿದ್ರೆ ಇವರೆಲ್ಲ ಇರ್ತಿದ್ರು ಅಲ್ವಾ?" ಶ್ರೀಲತಾ ಇರಬಹುದು ಎಂದಳು. ಅವಳಿಗೂ ಎರಡು ಮೂರು ರಾತ್ರಿ ಅದೇ ಯೋಚನೆ ಕಾಡಿತ್ತು.

ಚಿಕ್ಕಹನುಮಕ್ಕ ಮೊಮ್ಮಗಳನ್ನು ಬಿಡಿಸಲಿಲ್ಲ. ಬದಲಿಗೆ ಒಂದು ಬೆಳಿಗ್ಗೆ ಬಸ್ಸು ಹತ್ತಿ ಪಾವಗಡಕ್ಕೆ ಹೋಗಿ, ಕೇಳಿಕೊಂಡು ಕೇಳಿಕೊಂಡು ನಂದೀಶ್ವರಯ್ಯನವರ ಮನೆ ಹುಡುಕಿದಳು. ಜಗುಲಿಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದಳು. "ನೀವೇ ಬಂದ್ಬುಡಿ ಸಾಮಿ. ಆ ಟೀಚರಮ್ಮನಿಂದ ಶಾಲೆ ಹಾಳಾಗೋಗ್ತೈತೆ. ಐದ್ ಮಕ್ಕಳು ಹೋದ್ವು. ಜನ ಎಲ್ಲಾ ಆಯಮ್ಮನ್ನೇ ಬೈತಾವ್ರೆ."

"ಆಯಮ್ಮ ಏನಂದ್ರು?"

"ಏನೂ ಅನ್ಲಿಲ್ಲ. ಮಾರ್ಚಿಗಂಟ ಟೈಮ್ ಕೊಡಿ ಅಂತು."

"ನನ್ನ ಬಗ್ಗೆ?"

"ನಿಮ್ ಬಗ್ಗೆ ಏನೈತೆ ಸಾಮಿ ಅನ್ನಾಕೆ?"

ನಂದೀಶ್ವರಯ್ಯನವರು ಒಳಗಿನಿಂದ ಕ್ಯಾಲೆಂಡರ್ ತಂದರು. ಆಮೇಲೆ ಮುಂದಿನ ಸಭೆ ಯಾವತ್ತೆಂದು ಕೇಳಿದರು.

ಸೆಪ್ಟೆಂಬರಿನ ಸಭೆಗೆ ಅವರು ಬಿಳಿ ಅಂಗಿ ತೊಟ್ಟು ಬಂದರು. ಅವರನ್ನು ಕಂಡು ಊರಿನವರೆಲ್ಲ ಎದ್ದು ನಿಂತರು. ಯುವರಾಜ್ ಓಡಿಹೋಗಿ ಕುರ್ಚಿ ತಂದ. ವ್ಯಾನಿಗೆ ಮಕ್ಕಳನ್ನು ಹಾಕಿದ್ದವರೂ ಮೇಷ್ಟ್ರು ಬಂದಿದ್ದಾರೆಂದು ಕೇಳಿ ಬಂದಿದ್ದರು. ಶ್ರೀಲತಾ ಎದ್ದು ನಮಸ್ಕಾರ ಮಾಡಿದಳು. ತನ್ನ ಮೇಲೆ ಇನ್ನೊಂದು ದೂರು ಬಂತೆಂದೇ ಅವಳು ತಿಳಿದಳು.

ಅವರು ಕುಳಿತುಕೊಳ್ಳಲಿಲ್ಲ. ಕುರ್ಚಿಯ ಬೆನ್ನನ್ನು ಹಿಡಿದು ನಿಂತೇ ಮಾತಾಡಿದರು.

"ಹೋದ ವರ್ಷ ಆ ಎ ಬರೆದೋನು ನಾನು. ಅದು ಸುಳ್ಳು."

ಯುವರಾಜ್ ಶ್ರೀಲತಾಳ ಕಡೆ ತಿರುಗಿ ನೋಡಿದ.

"ಈ ಅಮ್ಮ ಬಂದು ಮಕ್ಕಳು ಹಿಂದೆ ಬೀಳಲಿಲ್ಲ. ಹಿಂದೇನೇ ಇದ್ವು. ನಾನು ಕಾಣದಂಗೆ ಬರೆದಿದ್ದೆ."

"ಯಾಕ್ ಸಾಮಿ ಅಂಗ್ ಮಾಡಿದ್ರಿ?" ಚಿಕ್ಕಹನುಮಕ್ಕ ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಅಚ್ಚರಿಯೇ ಹೆಚ್ಚಿತ್ತು.

"ಶಾಲೆ ಮುಚ್ಚಬಾರ್ದು ಅಂತ. ಅದು ಅರ್ಧ." ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. "ಇನ್ನರ್ಧ ಹೇಳ್ತೀನಿ. ನಾನು ಹುಟ್ಟಿದಾಗಿಂದ ಕನ್ನಡ ಮೀಡಿಯಂ. ಐವತ್ತೆಂಟನೇ ವಯಸ್ಸಿಗೆ ಇಂಗ್ಲಿಷ್ ಮೀಡಿಯಂ ಕೊಟ್ಟು ಕಲಿಸಿ ಅಂದ್ರು. ಹತ್ತು ದಿನ ತರಬೇತಿ ಆಯ್ತು. ನನಗೇ ಆ ಪುಸ್ತಕ ಸರಾಗವಾಗಿ ಓದೋಕೆ ಬರ್ತಿರಲಿಲ್ಲ. ಫೋನಿನಲ್ಲಿ ಪಾಠ ಹಾಕಿ ಕೇಳಿಸ್ತಿದ್ದೆ, ಮಕ್ಕಳು ಅದನ್ನೇ ಕಂಠಪಾಠ ಮಾಡ್ಕೊಂಡ್ವು. ಅವು ಒಪ್ಪಿಸೋದನ್ನ ಕೇಳಿ ಓದು ಬಂತು ಅಂತ ನನ್ನ ಮನಸ್ಸಿಗೂ ಹೇಳ್ಕೊಂಡೆ. ಬರಲ್ಲ ಅಂತ ಯಾರ ಹತ್ರ ಹೇಳ್ಕೊಳ್ಳೋದು? ಮೇಷ್ಟ್ರು ನಾನು."

ಶ್ರೀಲತಾ ನೀರಿನ ಲೋಟ ತೆಗೆದುಕೊಂಡು ಹೋಗಿ ಕೊಟ್ಟಳು. ಅವರು ಕುಡಿದು ಲೋಟವನ್ನು ಅವಳ ಕೈಗೇ ವಾಪಸು ಕೊಟ್ಟರು.

"ನನ್ನ ತಪ್ಪಿಗೆ ನೀವು ಬೈಸ್ಕೊಂಡ್ರಿ. ಆವತ್ತು ಮನೆಗೆ ಬಂದಾಗಲೇ ಹೇಳಬೇಕಿತ್ತಮ್ಮ."

"ಕೂತ್ಕೊಳ್ಳಿ ಸಾರ್," ಎಂದಳು ಶ್ರೀಲತಾ.

ಸ್ವಲ್ಪ ಹೊತ್ತು ಗುಸುಗುಸು ನಡೆಯಿತು. ಒಬ್ಬಿಬ್ಬರು ಎದ್ದು ಹೊರಗೆ ಹೋದರು. ಮುಂದೇನು ಎಂದು ಕೇಳಿದ್ದು ಮತ್ತೆ ಚಿಕ್ಕಹನುಮಕ್ಕನೇ. "ಆಗಿದ್ ಆಯ್ತು ಬುಡಿ. ಈಗ ನಮ್ಮಕ್ಳಿಗೆ ಓದಾಕ್ ಬರ್ಬೇಕು ಅಂದ್ರೆ ಏನ್ ಮಾಡ್ಬೇಕು ಅದನ್ ಹೇಳಿ."

ಶ್ರೀಲತಾ ಇದ್ದದ್ದನ್ನು ಹೇಳಿದಳು. ಮೂರನೇ ತರಗತಿಗೆ ದಿನಾ ಒಂದು ಗಂಟೆ ಬೇರೆಯಾಗಿ ಕೂರಬೇಕು. ಆದರೆ ಇಬ್ಬರೇ ಇರುವಾಗ ಉಳಿದ ತರಗತಿಗಳನ್ನು ಬಿಟ್ಟು ಕೂರಲು ಆಗುವುದಿಲ್ಲ.

"ಆ ಒಂದು ಗಂಟೆ ನಾಲ್ಕು ಐದನೇ ಕ್ಲಾಸು ನಾನು ನೋಡ್ಕೋತೀನಿ," ಎಂದರು ನಂದೀಶ್ವರಯ್ಯ. "ಕನ್ನಡ, ಲೆಕ್ಕ. ಅದು ನನಗೆ ಬರುತ್ತೆ. ವಾರಕ್ಕೆ ನಾಲ್ಕು ದಿನ ಬರ್ತೀನಿ, ಸಂಬಳ ಬೇಡ."

ನವೀನ್ ಕುಮಾರನಿಗೆ ತಿಳಿಸಿ, ಶಾಲಾ ಸಮಿತಿಯಿಂದ ಠರಾವು ಮಾಡಿಸಿಕೊಂಡು ಅಕ್ಟೋಬರಿನಿಂದ ಹಾಗೇ ನಡೆಯಿತು. ನಂದೀಶ್ವರಯ್ಯನವರು ಬೆಳಗಿನ ಬಸ್ಸಿಗೆ ಬಂದು ಹುಣಸೆಮರದ ಕೆಳಗೆ ದೊಡ್ಡ ಮಕ್ಕಳಿಗೆ ಭಿನ್ನರಾಶಿ ಹೇಳುತ್ತಿದ್ದರು. ಒಳಗೆ ಶ್ರೀಲತಾ ಹನ್ನೆರಡು ಮಕ್ಕಳನ್ನು ಮೂರು ಗುಂಪು ಮಾಡಿ ಕೂರಿಸುತ್ತಿದ್ದಳು. ಪುಸ್ತಕದ ಪಾಠವನ್ನು ಬದಿಗಿಟ್ಟಳು. ಒಂದೊಂದು ಅಕ್ಷರದ ಸದ್ದು, ಎರಡು ಅಕ್ಷರ ಸೇರಿದರೆ ಏನು, ಮೂರು ಸೇರಿದರೆ ಏನು. ಅರ್ಥವನ್ನು ಕನ್ನಡದಲ್ಲಿ ಹೇಳುತ್ತಿದ್ದಳು. ಅದಕ್ಕೂ ಮುಖ ಖಾಲಿಯಾಗಿದ್ದರೆ ತನಗೆ ಬರುವ ಹರಕು ತೆಲುಗಿನಲ್ಲಿ. ಅವಳ ತೆಲುಗು ಕೇಳಿ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಲೋಹಿತಾ ಟೀಚರನ್ನು ತಿದ್ದುತ್ತಿದ್ದಳು.

ಲೋಹಿತಾಳಿಗೇ ಎಲ್ಲರಿಗಿಂತ ಕಷ್ಟವಾಯಿತು. ನೆನಪು ಚುರುಕಾಗಿದ್ದರಿಂದ ಕಣ್ಣು ಹಾಯಿಸುವ ಮೊದಲೇ ಊಹಿಸಿ ಹೇಳಿಬಿಡುತ್ತಿದ್ದಳು. ಎಷ್ಟೋ ದಿನ ಅತ್ತಳು. ಡಿಸೆಂಬರಿನಲ್ಲಿ ಒಂದು ದಿನ ಬೋರ್ಡಿನ ಮೇಲಿದ್ದ, ಅವಳು ಎಂದೂ ಕೇಳಿರದ ಪದವೊಂದನ್ನು ಅಕ್ಷರ ಅಕ್ಷರ ಕೂಡಿಸಿ ಹೇಳಿದಳು. ಸರಿಯಾಗಿದೆ ಎಂದು ಅವಳಿಗೇ ನಂಬಿಕೆ ಬರಲಿಲ್ಲ; ಇನ್ನೊಂದು ಸಲ ಓದಿದಳು.

ಮಾರ್ಚ್ ಮೂರನೇ ವಾರ ನವೀನ್ ಕುಮಾರ್ ಬಂದ. ಈ ಸಲ ಹನ್ನೆರಡು ಮಕ್ಕಳನ್ನೂ ಓದಿಸಿದ, ಯಾರೂ ನೋಡಿರದ ಹಾಳೆಗಳನ್ನು ತಾನೇ ತಂದಿದ್ದ. ನಾಲ್ಕು ಸಾಲು ಓದಿದವರು ಏಳು ಜನ. ಪದಗಳನ್ನು ಓದಿದವರು ನಾಲ್ವರು. ಒಬ್ಬನಿಗೆ ಮಾತ್ರ ಇನ್ನೂ ಅಕ್ಷರಗಳೇ. ಅವನು ಆಂಧ್ರ ಗಡಿಯಾಚೆಯ ಕಂಬದೂರಿನ ಕಡೆಯಿಂದ, ಜನವರಿಯವರೆಗೂ ಆಗೊಮ್ಮೆ ಈಗೊಮ್ಮೆ ಮಾತ್ರ ಶಾಲೆಗೆ ಬರುತ್ತಿದ್ದ ಹುಡುಗ. ನವೀನ್ ಕುಮಾರ್ ಅಂಕಿಗಳನ್ನು ಬರೆದುಕೊಂಡು, "ಹನ್ನೆರಡಕ್ಕೆ ಏಳು. ನಮ್ಮ ಕ್ಲಸ್ಟರಿನ ಪಟ್ಟಿಯಲ್ಲಿ ಕೆಳಗಿಂದ ಮೂರನೆಯದು ಮೇಡಂ," ಎಂದ. ಆಮೇಲೆ ಸ್ವಲ್ಪ ಸಂಕೋಚದಿಂದ ಕೇಳಿದ: "ಮಿಕ್ಕ ಶಾಲೆಗಳಲ್ಲೂ ಹೀಗೇ ಕೂರಿಸಿ ಓದಿಸಿದ್ರೆ ಏನಾಗುತ್ತೋ. ಜೂನಿನಲ್ಲಿ ಎರಡು ಶಾಲೆಗೆ ನೀವೂ ಬರ್ತೀರಾ?"

ಶ್ರೀಲತಾ ಒಪ್ಪಿಕೊಂಡಳು.

ವರ್ಷದ ಕೊನೆಯ ಸಭೆಯಲ್ಲಿ ಅವಳು ಅಂಕಿಗಳನ್ನು ಕಪ್ಪು ಹಲಗೆಯ ಮೇಲೆ ದೊಡ್ಡದಾಗಿ ಬರೆದಳು. ಯುವರಾಜ್ ಬಾಗಿಲಲ್ಲಿ ನಿಂತು ನೋಡಿದ. ಮಗನನ್ನು ಮತ್ತೆ ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದ. ಚಿಕ್ಕ ಮಗಳು ಹೇಗೂ ಇಲ್ಲೇ ಇದ್ದಳು. ವ್ಯಾನಿಗೆ ಹೋದ ಉಳಿದ ನಾಲ್ವರು ಬರಲಿಲ್ಲ. ನಂದೀಶ್ವರಯ್ಯನವರು ಹಿಂದಿನ ಬೆಂಚಿನಲ್ಲಿ ಐದನೇ ತರಗತಿಯವರ ಉತ್ತರಪತ್ರಿಕೆ ತಿದ್ದುತ್ತಾ ಕುಳಿತಿದ್ದರು.

ಚಿಕ್ಕಹನುಮಕ್ಕ ಎದ್ದು ಹಲಗೆಯ ಹತ್ತಿರಕ್ಕೇ ಬಂದಳು. "ನಮ್ ಮಗೀದು ಯಾವುದ್ರಾಗೈತೆ?"

"ಈ ನಾಲ್ಕರಲ್ಲಿ ಅಜ್ಜಿ. ಪದ ಓದ್ತಾಳೆ. ಸಾಲು ಓದೋಕೆ ಇನ್ನೂ ತಡವರಿಸ್ತಾಳೆ."

"ಬರೋ ವರ್ಸ ಆ ಏಳ್ರಾಗ್ ಸೇರ್ತಾಳಾ?"

"ಸೇರ್ತಾಳೆ ಅನ್ಸುತ್ತೆ. ಖಂಡಿತ ಅಂತ ಈಗ್ಲೇ ಹೇಳೋಕಾಗಲ್ಲ."

ಮುದುಕಿ ಆ ನಾಲ್ಕನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಸರಿ ಕಣಮ್ಮ," ಎಂದಳು. "ಇರೋದ್ ಹೇಳ್ತೀಯಲ್ಲ, ಸಾಕು." ಮೊಮ್ಮಗಳನ್ನು ಕರೆದುಕೊಂಡು, ಬಿಸಿಲು ಏರುವ ಮೊದಲೇ ಮನೆ ಕಡೆ ಹೊರಟಳು.