ಮಸಿಯ ಬೇಜಾರು

ಗಡಿಯಾರ ರಿಪೇರಿಯವನಿಗೆ ದಿನವಿಡೀ ಕಾದು ಕೂರುವಂಥ ಗಳಿಗೆ ಒಂದೇ ಇತ್ತು. ಸಂಜೆ ಏಳೂವರೆಗೆ ಅಂಗಡಿಯ ಬಾಗಿಲು ಎಳೆದು, ಎರಡು ಬೀದಿ ದಾಟಿ, ಮನೆಯ ಬೀಗಕ್ಕೆ ಕೀಲಿ ಹಾಕುವಷ್ಟರಲ್ಲಿ ಒಳಗಿನಿಂದ ಬಾಗಿಲು ಕೆರೆಯುವ ಸದ್ದು ಶುರುವಾಗುತ್ತಿತ್ತು. ಬಾಗಿಲು ತೆರೆದರೆ ಸರಿ, ಮಸಿ ಎಂಬ ಅವನ ಕರಿ ನಾಯಿ ಎದೆಯ ಮೇಲೇ ಹಾರುತ್ತಿತ್ತು. ಕುಂಯ್‌ಗುಟ್ಟುತ್ತ ಕೋಣೆಯಲ್ಲೆಲ್ಲ ಓಡಿ, ಮತ್ತೆ ಬಂದು ಹಾರಿ, ಅವನ ಕಿವಿ, ಗಲ್ಲ, ಕನ್ನಡಕ ಎಲ್ಲ ನೆಕ್ಕುತ್ತಿತ್ತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿ ಬರುವುದು ಎಂಟಕ್ಕೆ. ಹಾಗಾಗಿ ಈ ಸಂಭ್ರಮದಲ್ಲಿ ಅವನಿಗೆ ಪಾಲುದಾರರಿರಲಿಲ್ಲ.

"ನನ್ನ ದಾರಿ ಕಾಯೋ ಜೀವ ಅಂತ ಇದ್ರೆ ಇದೊಂದೇ" ಎಂದು ಅವನು ಗಿರಾಕಿಗಳ ಹತ್ತಿರ ಹೇಳಿಕೊಳ್ಳುತ್ತಿದ್ದ.

ಹಾಗೆ ದಾರಿ ಕಾಯುತ್ತ ಆ ಜೀವ ಹತ್ತು ಗಂಟೆ ಕಾಲ ಏನು ಮಾಡುತ್ತದೆ ಎಂಬುದು ಅವನ ತಲೆಗೆ ಬಂದಿರಲಿಲ್ಲ. ಬಚ್ಚಲಮನೆಯ ಬಾಗಿಲ ಚೌಕಟ್ಟನ್ನು ಅದು ಮೊಣಕಾಲೆತ್ತರದವರೆಗೆ ಕಡಿದು ನಾರು ಮಾಡಿತ್ತು. ಹಲ್ಲು ತುರಿಸುತ್ತದೇನೋ ಅಂದುಕೊಂಡ. ಮುಂಗಾಲೊಂದನ್ನು ನೆಕ್ಕಿ ನೆಕ್ಕಿ ಕೂದಲುದುರಿ ಚರ್ಮ ಕೆಂಪಗಾಗಿತ್ತು. ಹೆಂಡತಿ ತಂದ ಮುಲಾಮು ಹಚ್ಚಿದ. ಮಧ್ಯಾಹ್ನವಾದರೆ ಗೋಡೆ ನೋಡಿಕೊಂಡು ಬೊಗಳುತ್ತದೆ ಎಂದು ಕೆಳಮನೆಯ ನಿವೃತ್ತ ಮೇಷ್ಟ್ರು ಎರಡು ಸಲ ದೂರು ಹೇಳಿದ್ದರು. ಮೇಷ್ಟ್ರಿಗೆ ಬೇರೆ ಕೆಲಸವಿಲ್ಲ ಎಂದು ಸುಮ್ಮನಾಗಿದ್ದ.

ಹೀಗಿರುವಾಗ ಅವನ ತಮ್ಮ ಮನೆಗೆ ಬಂದ. ತಮ್ಮ ಬಸ್ ಡ್ರೈವರು, ಒಂಟಿಗ. ಮೆಟ್ಟಿಲಿನಿಂದ ಜಾರಿ ಬಿದ್ದು ಹೆಗಲ ಮೂಳೆ ಮುರಿದುಕೊಂಡಿದ್ದ. ಬಲಗೈಯನ್ನು ಕುತ್ತಿಗೆಗೆ ಜೋಲಿ ಕಟ್ಟಿದ್ದರು. ಡಾಕ್ಟರು ಮೂರು ತಿಂಗಳು ಕೆಲಸಕ್ಕೆ ಹೋಗಬಾರದು ಅಂದಿದ್ದರು. "ಅಂಗಿ ಗುಂಡಿ ಹಾಕ್ಕೊಳ್ಳೋಕೂ ಆಗಲ್ವಂತೆ. ನಮ್ಮಲ್ಲಿಗೆ ಕರೆದುಕೊಂಡು ಬನ್ನಿ" ಎಂದು ಹೆಂಡತಿ ಹೇಳಿದಾಗ ಬೇಡ ಎನ್ನಲು ಅವನಿಗೆ ನೆಪ ಸಿಗಲಿಲ್ಲ.

ಅಣ್ಣ ತಮ್ಮ ಎಂದೂ ಜಗಳವಾಡಿದವರಲ್ಲ. ಆದರೂ ತಮ್ಮ ಒಂದು ಕೋಣೆಗೆ ಕಾಲಿಟ್ಟರೆ ಅಣ್ಣ ಎದ್ದುಹೋಗಲು ನೆಪ ಹುಡುಕುತ್ತಿದ್ದ. ಅದು ಇವತ್ತಿನದಲ್ಲ. ಚಿಕ್ಕಂದಿನಲ್ಲಿ ಇವನು ತಿಂಗಳುಗಟ್ಟಲೆ ಹಾಲು ಹಾಕಿ ಸಾಕಿದ ಬೆಕ್ಕಿನ ಮರಿ ಹೋಗಿ ಮಲಗುತ್ತಿದ್ದುದು ತಮ್ಮನ ತೊಡೆಯ ಮೇಲೆ. ಇವನ ಗೆಳೆಯರು ಒಬ್ಬೊಬ್ಬರಾಗಿ ತಮ್ಮನ ಗೆಳೆಯರಾದರು. ಅಮ್ಮ ಹಾಸಿಗೆ ಹಿಡಿದಾಗ ಎರಡು ವರ್ಷ ಗಂಜಿ ಕುಡಿಸಿ, ಮೈ ಒರೆಸಿ, ಮಗ್ಗುಲು ಬದಲಿಸಿದವನು ಇವನು. ಆಕೆ ಕಣ್ಣು ಬಿಟ್ಟಾಗೆಲ್ಲ ಕೇಳುತ್ತಿದ್ದುದು, "ಚಿಕ್ಕವನು ಬಂದ್ನಾ?" ಅದನ್ನು ಇವನು ಯಾರ ಹತ್ತಿರವೂ ಆಡಿಕೊಂಡಿರಲಿಲ್ಲ. ಮರೆತೂ ಇರಲಿಲ್ಲ.

ತಮ್ಮ ಬಂದು ಒಂದು ವಾರವಾಗಿತ್ತು. ಊಟಕ್ಕೆ ಕೂತಾಗ ಹೇಳಿದ, "ಅಣ್ಣ, ನಿನ್ನ ನಾಯಿಗೆ ಬೇಜಾರಾಗಿದೆ ಕಣೋ."

"ಯಾರ ಮೇಲೆ?"

"ಯಾರ ಮೇಲೂ ಅಲ್ಲ. ಹೊತ್ತು ಹೋಗಲ್ಲ ಅದಕ್ಕೆ. ನೀವಿಬ್ರೂ ಹೊರಟ ಮೇಲೆ ನೋಡಬೇಕು ನೀನು. ಕಿಟಕಿ ಹತ್ರ ಹೋಗುತ್ತೆ, ಬಾಗಿಲ ಹತ್ರ ಬರುತ್ತೆ, ಮತ್ತೆ ಕಿಟಕಿ. ಸುಸ್ತಾದ್ರೆ ಕೂತು ಕಾಲು ನೆಕ್ಕುತ್ತೆ. ಅದು ಕಜ್ಜಿ ಅಲ್ಲ."

"ಎರಡು ಹೊತ್ತು ಊಟ, ಮೆತ್ತನೆ ಹಾಸಿಗೆ. ನಾಯಿಗೆ ಎಂಥ ಬೇಜಾರು? ಕೂತು ಉಣ್ಣೋರಿಗೆ ಬರೋ ಕಾಯಿಲೆ ಅದು" ಎಂದ ಅಣ್ಣ. ಮಾತು ಯಾರಿಗೆ ತಾಗಬೇಕೋ ಅವರಿಗೆ ತಾಗಿತು. ತಮ್ಮ ತಟ್ಟೆ ಖಾಲಿ ಮಾಡಿ ಎದ್ದ.

ಆದರೆ ಮರುದಿನದಿಂದ ಅವನು ತನ್ನ ಪಾಡಿಗೆ ತಾನು ಶುರುಹಚ್ಚಿಕೊಂಡ. ಔಷಧಿ ಅಂಗಡಿಯ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಅತ್ತಿಗೆಯಿಂದ ತರಿಸಿಕೊಂಡ. ಒಳಗೆ ಹಳೆ ಪತ್ರಿಕೆ ಮುದುರಿ ತುಂಬಿಸಿ, ನಡುನಡುವೆ ಬ್ರೆಡ್ಡಿನ ಚೂರು, ಬೇಯಿಸಿದ ಮಾಂಸದ ಚೂರು ಅಡಗಿಸುತ್ತಿದ್ದ. ಮಸಿ ಮೂಗು ತೂರಿಸಿ, ಹರಿದು, ಉರುಳಿಸಿ ಒಂದೊಂದೇ ಚೂರು ಹುಡುಕುತ್ತಿತ್ತು. ಬೆಳಿಗ್ಗೆ ವಾಕಿಂಗ್ ಕರೆದೊಯ್ದರೆ ಎಳೆದಾಡುತ್ತಿರಲಿಲ್ಲ. ಅದು ಒಂದು ಕಂಬವನ್ನು ಹತ್ತು ನಿಮಿಷ ಮೂಸಿದರೆ ಹತ್ತು ನಿಮಿಷವೂ ನಿಂತಿರುತ್ತಿದ್ದ. ತನಗೆ ಬಗ್ಗಲು ಆಗದ ಕಾರಣ ಚಪ್ಪಲಿ ತಂದುಕೊಡುವುದನ್ನು ಕಲಿಸಿದ. ಎಡಗೈಯಿಂದ ಮಂಚವನ್ನು ತಳ್ಳಿ ಕಿಟಕಿಯ ಕೆಳಗೆ ಸರಿಸಿದ. ಅದರ ಮೇಲೆ ಕೂತರೆ ಮಸಿಗೆ ಬೀದಿಯೆಲ್ಲ ಕಾಣುತ್ತಿತ್ತು. ಮೂರು ವಾರಕ್ಕೆ ಮಸಿಯ ಮುಂಗಾಲಿನ ಮೇಲೆ ಎಳೆಗೂದಲು ಮೂಡಿತು. ಕೆಳಮನೆಯ ಮೇಷ್ಟ್ರು ಅಣ್ಣನಿಗೆ ಮೆಟ್ಟಿಲ ಹತ್ತಿರ ಸಿಕ್ಕು, "ನಾಯಿ ಕೊಟ್ಟುಬಿಟ್ರಾ?" ಎಂದು ಕೇಳಿದರು.

ಅದೇ ವಾರ ಒಂದು ಸಂಜೆ ಅಣ್ಣ ಬೀಗಕ್ಕೆ ಕೀಲಿ ಹಾಕಿದ. ಬಾಗಿಲು ಕೆರೆಯುವ ಸದ್ದಿಲ್ಲ. ಒಳಗೆ ಬಂದ. ಮಸಿ ಪೆಟ್ಟಿಗೆಯೊಳಗಿಂದ ತಲೆ ಎತ್ತಿ ನೋಡಿತು. ಎದ್ದು ಬಂದು, ಬಾಲವಾಡಿಸಿ, ಅವನ ಕೈಯನ್ನೊಮ್ಮೆ ನೆಕ್ಕಿ, ವಾಪಸು ಹೋಗಿ ತಮ್ಮನ ಪಾದದ ಹತ್ತಿರ ಕೂತಿತು.

ಅಷ್ಟೇ.

ಅವನು ಬಾಗಿಲಲ್ಲೇ ಚೀಲ ಹಿಡಿದು ನಿಂತುಬಿಟ್ಟ. ಮಸಿ ಹಾರಲೆಂದು ಎದೆ ಮುಂದೆ ಮಾಡಿ ನಿಂತಿದ್ದವನಿಗೆ ತನ್ನ ನಿಲುವು ನೋಡಿ ತನಗೇ ನಾಚಿಕೆಯಾಯಿತು. "ಮಸಿ ಈಗ ಸಮಾಧಾನವಾಗಿದೆ ಅಲ್ವಾ ಅಣ್ಣ?" ಎಂದ ತಮ್ಮ, ಖುಷಿಯಿಂದ. ಅಣ್ಣನಿಗೆ ಮೈಯೆಲ್ಲ ಉರಿಯಿತು. ಕೈಕಾಲು ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ, ನೀರು ಬಿಟ್ಟುಕೊಂಡು ಸುಮ್ಮನೆ ನಿಂತ. ಅಮ್ಮನನ್ನು ಕಸಿದುಕೊಂಡ, ಈಗ ಇದನ್ನೂ ಬಿಡಲಿಲ್ಲ ಎಂದು ಅನಿಸಿತು. ಅನಿಸಿದ್ದು ತಪ್ಪೆಂದು ಗೊತ್ತಿದ್ದರೂ ಅನಿಸುವುದು ನಿಲ್ಲಲಿಲ್ಲ.

ಮರುದಿನ ಮಸಿಯನ್ನು ಅಂಗಡಿಗೆ ಕರೆದೊಯ್ದ. "ಇನ್ನು ಮೇಲೆ ನನ್ನ ಜೊತೆ ಇರಲಿ. ಬೇಜಾರು ಅಂತೀಯಲ್ಲ, ಜನ ನೋಡ್ಕೊಂಡಿರುತ್ತೆ" ಎಂದು ತಮ್ಮನಿಗೆ ಹೇಳಿದ. ಅಂಗಡಿ ಎಂದರೆ ನಾಲ್ಕು ಹೆಜ್ಜೆಯ ಗೂಡು. ಮೇಜಿನ ಕಾಲಿಗೆ ಕಟ್ಟಿಹಾಕಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಕೆಲಸಕ್ಕೆ ಕೂತ. ಮೊದಲ ಒಂದು ಗಂಟೆ ಮಸಿ ಮಲಗಿತ್ತು. ಆಮೇಲೆ ಎದ್ದು ಹಗ್ಗ ಎಷ್ಟಿದೆಯೋ ಅಷ್ಟರಲ್ಲೇ ಸುತ್ತತೊಡಗಿತು. "ಕೂತ್ಕೋ" ಎಂದು ಗದರಿದ. ಕೂತು ಕಾಲು ನೆಕ್ಕತೊಡಗಿತು. ಮಧ್ಯಾಹ್ನ ಬೀದಿಯಲ್ಲಿ ಬಸ್ಸೊಂದು ಹಾರನ್ ಹೊಡೆದದ್ದೇ ತಡ, ಬೊಗಳುತ್ತ ಜಿಗಿಯಿತು. ಮೇಜು ವಾಲಿತು. ಒಬ್ಬ ಅಜ್ಜಿ ತನ್ನ ಗಂಡನ ನೆನಪಿಗೆಂದು ಇಟ್ಟುಕೊಂಡಿದ್ದ ಕೈಗಡಿಯಾರ ಬಿಚ್ಚಿಟ್ಟಿದ್ದ ತಟ್ಟೆ ನೆಲಕ್ಕೆ ಬಿದ್ದು, ಸಾಸಿವೆಗಿಂತ ಚಿಕ್ಕ ತಿರುಪುಗಳು ಅಂಗಡಿಯೆಲ್ಲ ಚೆಲ್ಲಿದವು. ಸಂಜೆಯವರೆಗೆ ನೆಲದ ಮೇಲೆ ಬೋರಲು ಬಿದ್ದು ಚಿಮುಟದಲ್ಲಿ ಹೆಕ್ಕಿದ. ಒಂದು ತಿರುಪು ಕೊನೆಗೂ ಸಿಗಲಿಲ್ಲ.

ಮನೆಗೆ ಬಂದಾಗ ಮಸಿ ಅವನ ಕೈಯಿಂದ ಬಿಡಿಸಿಕೊಂಡು ಓಡಿತು. ತಮ್ಮನ ಎದೆಯ ಮೇಲೆ ಹಾರಿ, ಅವನ ಕಿವಿ, ಗಲ್ಲ ಎಲ್ಲ ನೆಕ್ಕಿತು. "ನಿಧಾನ, ನಿಧಾನ, ಹೆಗಲು" ಎಂದು ತಮ್ಮ ನಗುತ್ತಿದ್ದ.

"ಹೆಗಲು ಸುಮಾರಾಗಿ ವಾಸಿ ಆದ ಹಾಗಿದೆ. ಇನ್ನು ನಿನ್ನ ರೂಮಿಗೆ ಹೋದ್ರೂ ನಡೆಯುತ್ತೇನೋ" ಎಂದ ಅಣ್ಣ.

ತಮ್ಮನ ನಗು ನಿಂತಿತು. "ಆಯ್ತು ಬಿಡು" ಎಂದ. ಮರುದಿನವೇ ಎಡಗೈಯಲ್ಲಿ ಬಟ್ಟೆಯ ಚೀಲ ಹಿಡಿದು ಹೊರಟ. ಅಣ್ಣ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಮಡಚಿ ಕಸಕ್ಕೆ ಹಾಕಿ, ಮಂಚವನ್ನು ಮೊದಲಿದ್ದ ಜಾಗಕ್ಕೆ ಎಳೆದು, ಮಸಿಯನ್ನು ಮೊದಲಿನಂತೆ ಮನೆಯಲ್ಲೇ ಬಿಟ್ಟು ಅಂಗಡಿಗೆ ಹೋಗತೊಡಗಿದ.

ನಾಲ್ಕನೆಯ ದಿನಕ್ಕೆ ಅವನು ಬಯಸಿದ್ದೆಲ್ಲ ವಾಪಸು ಬಂತು. ಬಾಗಿಲು ಕೆರೆಯುವ ಸದ್ದು, ಹಾರುವುದು, ನೆಕ್ಕುವುದು. ಅವನು ಕಣ್ಣು ಮುಚ್ಚಿ ಅನುಭವಿಸಿದ. ಹತ್ತನೆಯ ದಿನಕ್ಕೆ ಮುಂಗಾಲಿನ ಎಳೆಗೂದಲು ಉದುರಿ ಚರ್ಮ ಮತ್ತೆ ಕೆಂಪಾಗಿತ್ತು.

"ಮುಲಾಮು ತಂದಿದ್ಯಾ?" ಎಂದು ಹೆಂಡತಿಯನ್ನು ಕೇಳಿದ.

"ಯಾವುದಕ್ಕೆ ಮುಲಾಮು?" ಎಂದಳು ಅವಳು. "ನಿಮ್ಮ ತಮ್ಮ ಇದ್ದಾಗ ಒಂದು ದಿನವೂ ಬೇಕಾಗಿರಲಿಲ್ಲ. ನಾಯಿ ನಿಮಗೋಸ್ಕರ ಹುಚ್ಚು ಹಿಡಿದು ಕಾಯಬೇಕು, ಅದು ನಿಮಗೆ ಬೇಕು. ಅದರ ಕಾಲು ಏನಾದ್ರೂ ಆಗಲಿ."

ಮರುದಿನ ಬೆಳಿಗ್ಗೆ ಅಂಗಡಿಗೆ ಹೋದವನು ಹನ್ನೊಂದಕ್ಕೆ ಬಾಗಿಲೆಳೆದು ವಾಪಸು ಬಂದ. ಮನೆಯೊಳಗೆ ಹೋಗದೆ, ಹೊರ ಮೆಟ್ಟಿಲ ಪಕ್ಕದ ಕಿಟಕಿಯ ಮೂಲೆಯಲ್ಲಿ ಕಳ್ಳನ ಹಾಗೆ ನಿಂತು ನೋಡಿದ. ಮಸಿ ಬೀದಿಯ ಕಿಟಕಿಯ ಹತ್ತಿರ ಹೋಯಿತು. ಅದಕ್ಕೆ ಎಟುಕಲಿಲ್ಲ. ಬಾಗಿಲಿಗೆ ಬಂದಿತು, ಮೂಸಿತು. ಮತ್ತೆ ಕಿಟಕಿ. ಅದೇ ದಾರಿ, ಅದೇ ಹೆಜ್ಜೆ. ಇವನು ಕೈಗಡಿಯಾರ ನೋಡಿಕೊಂಡ. ಇಪ್ಪತ್ತೈದು ನಿಮಿಷ ಹೀಗೇ ನಡೆಯಿತು. ಆಮೇಲೆ ಕೋಣೆಯ ನಡುವೆ ಕೂತು, ಗೋಡೆ ನೋಡಿಕೊಂಡು ಒಂದೇ ಸಮನೆ ಬೊಗಳಿತು. ಸಿಟ್ಟಿಲ್ಲ, ಭಯವಿಲ್ಲ, ಯಾರನ್ನೋ ಕರೆಯುತ್ತಿರುವ ಹಾಗೂ ಇರಲಿಲ್ಲ. ಬೊಗಳಿ ಮುಗಿಸಿ ಕಾಲು ಚಾಚಿಕೊಂಡು, ಮಾಡಲೇಬೇಕಾದ ಕೆಲಸವೆಂಬಂತೆ ನೆಕ್ಕತೊಡಗಿತು. ಹನ್ನೆರಡಾದರೂ ನಿಲ್ಲಿಸಲಿಲ್ಲ.

ಹಾಸಿಗೆ ಹಿಡಿದ ಅಮ್ಮನಿಗೂ ಹೊತ್ತು ಹೋಗುತ್ತಿರಲಿಲ್ಲವೇನೋ ಎಂದು ಅವನಿಗೆ ಆಗ ಅನಿಸಿತು. ಅವನು ಗಂಜಿ ಕುಡಿಸುತ್ತಿದ್ದ, ಔಷಧಿ ಕೊಡುತ್ತಿದ್ದ, ಕೆಲಸ ಮುಗಿಸಿ ಎದ್ದು ಹೋಗುತ್ತಿದ್ದ. ತಮ್ಮ ಬಂದಾಗ ಮಾತ್ರ ಕೋಣೆಯಲ್ಲಿ ನಗುವಿನ ಸದ್ದು ಕೇಳುತ್ತಿತ್ತು. ಡಿಪೋದ ಕತೆ, ಪ್ರಯಾಣಿಕರ ಕತೆ, ಅರ್ಧ ಸುಳ್ಳು.

ಒಳಗೆ ಹೋಗಿ ಮಸಿಯ ಕುತ್ತಿಗೆಗೆ ಹಗ್ಗ ಹಾಕಿ ಅವನು ನೇರ ತಮ್ಮನ ರೂಮಿಗೆ ನಡೆದ. ದಾರಿಯಲ್ಲಿ ಎರಡು ಸಲ ಮನಸ್ಸು ಬದಲಾಯಿಸಿ ನಿಂತ. ಮಸಿ ಸಿಕ್ಕಿದ ಸಮಯದಲ್ಲಿ ಕಂಬ ಮೂಸಿತು. ತಮ್ಮ ಬಾಗಿಲು ತೆರೆದಾಗ ಆಗಬೇಕಾದ ಸಂಭ್ರಮವೆಲ್ಲ ಆಯಿತು. ಅಣ್ಣ ಮುಖ ಆಚೆ ತಿರುಗಿಸಿ ಅದು ಮುಗಿಯುವವರೆಗೆ ಕಾದ.

"ಇದರ ಕಾಲು ನೋಡು. ಆ ಪೆಟ್ಟಿಗೆ ಹೇಗೆ ಮಾಡ್ತಿದ್ದೆ, ತೋರಿಸಿಕೊಡು" ಎಂದ.

ತಮ್ಮ ಕಾಲು ಹಿಡಿದು ನೋಡಿದ. "ನನ್ನನ್ನ ಯಾಕೆ ಕಳಿಸಿದೆ ಅಣ್ಣ?"

"ಹೊಟ್ಟೆಕಿಚ್ಚು."

ಇಷ್ಟು ಸಲೀಸಾಗಿ ಬಾಯಿಗೆ ಬರುತ್ತದೆಂದು ಅವನು ಅಂದುಕೊಂಡಿರಲಿಲ್ಲ. ತಮ್ಮ ನಗಬಹುದೆಂದು ಕಾದ. ತಮ್ಮ ನಗಲಿಲ್ಲ.

"ನಾಯಿಗೋಸ್ಕರವಾ?"

"ನಾಯಿಗೋಸ್ಕರವೂ ಹೌದು."

ತಮ್ಮ ಇದ್ದೊಂದು ಕುರ್ಚಿಯನ್ನು ಅಣ್ಣನ ಕಡೆ ತಳ್ಳಿ ತಾನು ಹಾಸಿಗೆಯ ಮೇಲೆ ಕೂತ. "ದಿನಾ ಒಂದೇ ಥರ ಮಾಡಬೇಡ" ಎಂದು ಶುರುಮಾಡಿದ. "ಒಂದಿನ ಪೆಟ್ಟಿಗೆ, ಒಂದಿನ ಹಳೆ ಟವೆಲ್ ಸುತ್ತಿ ಗಂಟು ಹಾಕು. ಆಟದ ಸಾಮಾನು ಎಲ್ಲ ಒಟ್ಟಿಗೆ ಕೊಡಬೇಡ, ಎತ್ತಿಟ್ಟು ಬದಲಾಯಿಸ್ತಾ ಇರು. ಬೆಳಿಗ್ಗೆ ನಡೆಸೋದು ಅರ್ಧ ಗಂಟೆ, ಮೂಸೋಕೆ ಬಿಡು, ಎಳೀಬೇಡ. ಮಧ್ಯಾಹ್ನ ಒಂದ್ಸಲ ಯಾರಾದ್ರೂ ಹೋಗಿ ಮಾತಾಡಿಸ್ಬೇಕು. ಕೆಳಮನೆ ಮೇಷ್ಟ್ರನ್ನ ಕೇಳು, ಅವರಿಗೂ ಯಾರೂ ಇಲ್ಲ." ಅಣ್ಣ ಜೇಬಿನಿಂದ ಅಂಗಡಿಯ ರಸೀದಿ ಪುಸ್ತಕ ತೆಗೆದು ಹಿಂಬದಿಯಲ್ಲಿ ಎಲ್ಲ ಬರೆದುಕೊಂಡ.

ಮೇಷ್ಟ್ರು ಒಪ್ಪಿದರು. ಪಾಠ ಮಾಡಲು ಯಾರೋ ಸಿಕ್ಕಿದರೆಂದು ಮಧ್ಯಾಹ್ನ ಅರ್ಧ ಗಂಟೆ ಎಂದವರು ಒಂದೂವರೆ ಗಂಟೆ ಕೂರತೊಡಗಿದರು. ಅಣ್ಣ ಅಂಗಡಿಯನ್ನು ಹತ್ತಕ್ಕೆ ತೆರೆದು ಆರೂವರೆಗೆ ಮುಚ್ಚಿದ. ಅವನು ಕಟ್ಟಿದ ಮೊದಲ ಟವೆಲ್ ಗಂಟನ್ನು ಮಸಿಗೆ ಬಿಚ್ಚಲಾಗದೆ, ಅವನಿಂದಲೂ ಆಗದೆ, ಹೆಂಡತಿ ಕತ್ತರಿ ತಂದಳು. ಕಾಲು ವಾಸಿಯಾಗಲು ಎರಡು ತಿಂಗಳು ಹಿಡಿಯಿತು.

ತಮ್ಮ ಮತ್ತೆ ಬಸ್ಸು ಓಡಿಸತೊಡಗಿದ ಮೇಲೆ ಒಂದು ಮಧ್ಯಾಹ್ನ ಅಂಗಡಿಗೆ ಬಂದು, "ನನಗೆ ರಜ ಗುರುವಾರ. ಮಸೀನ ಕೆರೆ ಕಡೆ ಕರ್ಕೊಂಡು ಹೋಗ್ಲಾ?" ಎಂದು ಕೇಳಿದ. ಅಣ್ಣ ಕಣ್ಣಿನ ಭೂತಗನ್ನಡಿ ತೆಗೆಯದೆ ತಿರುಪೊಂದನ್ನು ಬಿಗಿದು, "ಗುರುವಾರ ನಾನೂ ಬರ್ತೀನಿ" ಎಂದ.

ಆ ಗುರುವಾರ ಅಂಗಡಿ ಮುಚ್ಚಿ ಮೂವರೂ ಕೆರೆಯ ಏರಿಯ ಮೇಲೆ ನಡೆದರು. ಹಗ್ಗ ತಮ್ಮನ ಕೈಯಲ್ಲಿತ್ತು. ಮಸಿ ಮೂಸುತ್ತ, ನಿಲ್ಲುತ್ತ, ಹತ್ತು ಹೆಜ್ಜೆಗೊಮ್ಮೆ ತಿರುಗಿ ತಮ್ಮನ ಮುಖ ನೋಡುತ್ತಿತ್ತು. ಅಣ್ಣ ಅದನ್ನೆಲ್ಲ ಲೆಕ್ಕವಿಟ್ಟವನ ಹಾಗೆ ನೋಡುತ್ತ ಪಕ್ಕದಲ್ಲೇ ನಡೆದ. ಏರಿ ಅರ್ಧ ಮುಗಿದಾಗ ಕೈ ಚಾಚಿದ.

"ಸಾಕು, ಇನ್ನು ನನಗೆ ಕೊಡು" ಎಂದ.

ತಮ್ಮ ಕೊಟ್ಟ.