ಅರ್ಧ ಓದಿದ ಬ್ಲಾಗು

"ಗುರು, ಈ ವಾರ ನೀನು ಕಳಿಸಿದ ಬ್ಲಾಗ್ ಇದ್ಯಲ್ಲ, ಸಖತ್! ಕೊನೇಲಿ ಅಳಿಸ್ಬಿಡ್ತು ಮಗಾ," ಎಂದ ಪಕ್ಕದ ಸೀಟಿನ ರವಿಕುಮಾರ.

ಚನ್ನವೀರ ತಬ್ಬಿಬ್ಬಾದ. ಅದರಲ್ಲಿ ಅಳುವಂಥದ್ದೇನಿತ್ತು? ಪ್ರತಿ ಶುಕ್ರವಾರ ಅವನು 'ಓದಿ, ನೋಡಿ, ಕೇಳಿ' ಎಂದು ಆಫೀಸಿನವರಿಗೆಲ್ಲ ಮೂರು ಲಿಂಕು ಕಳಿಸುತ್ತಿದ್ದ. ಗದಗಿನಿಂದ ಬಂದ ಎರಡು ವರ್ಷದಲ್ಲಿ ಅವನಿಗೆ ಸಿಕ್ಕ ಮರ್ಯಾದೆಯೆಲ್ಲ ಆ ಇ-ಮೇಲ್‌ನಿಂದಲೇ. ಈ ಸಲ ಮಾತ್ರ ಅವಸರದಲ್ಲಿ ಅರ್ಧ ಓದಿ ಕಳಿಸಿದ್ದ. ಹೆಸರು ಹಾಕದ ಯಾವಳೋ ಹುಡುಗಿಯ ಬರಹ. ಮಹಡಿಯ ಬಾಡಿಗೆ ಮನೆಯಲ್ಲಿ ಉತ್ತರ ಕರ್ನಾಟಕದ ಅಕ್ಕ ಜೋಳದ ರೊಟ್ಟಿ ತಟ್ಟುತ್ತಾಳೆ, ಕೆಳಗೆ ಹುಡುಗಿಯ ಅಜ್ಜಿ ಆ ತಾಳಕ್ಕೆ ತಲೆದೂಗುತ್ತಾಳೆ. ನಮ್ಮ ಕಡೆಯವರು ಯಾರೋ ಎಂದು ಉಬ್ಬಿಹೋಗಿದ್ದ ಭೂಪ!

ಈಗ ಉಳಿದರ್ಧ ತೆರೆದ.

'ಇರುವ ಇಬ್ಬರಿಗೆ ದಿನವಿಡೀ ರೊಟ್ಟಿ ಯಾಕೆ? ಮೊನ್ನೆ ಮೊಸರು ಕೊಡಲು ಮೆಟ್ಟಿಲು ಹತ್ತಿದಾಗ ಕಿಟಕಿಯಲ್ಲಿ ಕಂಡೆ. ಅಕ್ಕ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಕೆಳಗೆ ಕೇಳಿಸಬಾರದೆಂದು ಇನ್ನೂ ಜೋರಾಗಿ ತಟ್ಟುತ್ತಿದ್ದರು. ಶ್ರಾವಣದಲ್ಲಿ ಅವರ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ನಮ್ಮಜ್ಜಿ ಸೊಣ್ಣಮ್ಮ ಈಗ ತಲೆದೂಗುವುದಿಲ್ಲ.'

ಸೊಣ್ಣಮ್ಮ! ಚನ್ನವೀರ ಆ ಸಾಲನ್ನು ಮತ್ತೊಮ್ಮೆ ಓದಿದ. ಅವನ ಮನೆ ಓನರಜ್ಜಿ. ಬರೆದವಳು ಅವಳ ಮೊಮ್ಮಗಳು ಹೇಮಶ್ರೀ. ಅಳುವವಳು ತನ್ನ ಹೆಂಡತಿ ವಿಜಯಲಕ್ಷ್ಮಿ. 'ಒಂದ್ ಹನಿ ಕಣ್ಣೀರ್ ಹಾಕ್ಲಿಲ್ರಿ ನಮ್ಮಾಕಿ, ಗಟ್ಟಿಗಿತ್ತಿ' ಎಂದು ಇದೇ ಆಫೀಸಿನಲ್ಲಿ ಹೇಳಿಕೊಂಡು ತಿರುಗಿದ್ದನಲ್ಲ! ಅವಳು ಕಟ್ಟಿಕೊಟ್ಟ ಡಬ್ಬಿ ಡಬ್ಬಿ ರೊಟ್ಟಿಯನ್ನು ಎಲ್ಲರಿಗೂ ಹಂಚಿದ್ದನಲ್ಲ!

"ಪಾಪ, ಯಾರೋ ಏನೋ," ಎನ್ನುತ್ತ ರವಿಕುಮಾರ ಚನ್ನವೀರನ ಡಬ್ಬಿಯಿಂದ ಖಡಕ್ ರೊಟ್ಟಿಯ ಚೂರು ಮುರಿದು ಬಾಯಿಗಿಟ್ಟುಕೊಂಡ.

ಚನ್ನವೀರ ಯಾರಿಗೂ ಹೇಳದೆ ಎದ್ದು ಆಟೋ ಹಿಡಿದ.

ಸುದ್ದಗುಂಟೆಪಾಳ್ಯದ ಮನೆಯ ಮೆಟ್ಟಿಲಲ್ಲೇ ಆ ಸದ್ದು ಕೇಳಿಸಿತು. ಬಾಗಿಲು ದೂಡಿದ. ವಿಜಯಲಕ್ಷ್ಮಿ ಗಾಬರಿಯಿಂದ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಇಷ್ಟ ಲಗೂ ಬಂದ್ರಿ? ಇವತ್ತ ಭಾಳ ಆಗ್ಯಾವ. ನಾಳೆ ಇನ್ನೊಂದು ಡಬ್ಬಿ ಒಯ್ರಿ."

"ಬ್ಯಾಡ, ವಿಜಿ."

ರೊಟ್ಟಿ ತಟ್ಟುವ ಮರದ ಕೊಣಮಿಗೆಯ ಮುಂದೆ ಕುಕ್ಕರಿಸಿ ಅವಳ ಕೈ ಹಿಡಿದುಕೊಂಡ. ಅಂಗೈ ಕೆಂಪಾಗಿತ್ತು. ಅವಳು ಬಿಡಿಸಿಕೊಳ್ಳಲು ನೋಡಿದಳು, ಅವನು ಬಿಡಲಿಲ್ಲ.

ಕೆಳಗಿನಿಂದ ಸೊಣ್ಣಮ್ಮನ ದನಿ ಬಂತು: "ಯಾಕವ್ವಾ, ನಿಲ್ಲಿಸ್‌ಬಿಟ್ಟೆ? ಹಿಟ್ಟು ಮುಗೀತಾ?"

ಹಂಚಿನ ಮೇಲೆ ರೊಟ್ಟಿ ಉಬ್ಬಿ ಕರ್ರಗಾಗುತ್ತಿತ್ತು. ಅದನ್ನು ಯಾರೂ ತಿರುವಿ ಹಾಕಲಿಲ್ಲ.